ಡಿಪೋದ ಹೊಗೆ ಕುಡಿದು ಓಡಿದವಳು

ಹೊಗೆಯ ಬಣ್ಣ ನೋಡಿಯೇ ಬಸ್ಸಿನ ಇಂಜಿನ್ನಿನ ಕಾಯಿಲೆ ಹೇಳುತ್ತಿದ್ದ ಆ ಮೆಕ್ಯಾನಿಕ್ ಹೆಂಗಸಿಗೆ ತನ್ನ ಎದೆಗೇನಾಗಿದೆ ಎಂದು ಮಾತ್ರ ತಿಳಿಯಲಿಲ್ಲ. ಪಾಳಿಗೆ ಮುಂಚೆ, ಬೆಳಕು ಹರಿಯುವ ಹೊತ್ತಿಗೆ, ಡಿಪೋದ ಕಾಂಪೌಂಡಿನೊಳಗೇ ಓಡುತ್ತಾ ಸುತ್ತು ಹಾಕುವುದು ಅವಳ ರೂಢಿ. ದೂರದ ಓಟದ ಪಂದ್ಯಗಳಲ್ಲಿ ಡಿಪೋ ತಂಡಕ್ಕೆ ಅವಳೇ ಆಸರೆ. ಡ್ರೈವರುಗಳು ಅವಳಿಗಿಟ್ಟ ಹೆಸರು ‘ಎಕ್ಸ್‌ಪ್ರೆಸ್’.

ಆ ಚಳಿಗಾಲ ಎಕ್ಸ್‌ಪ್ರೆಸ್ ಮುಗ್ಗರಿಸತೊಡಗಿತು. ಕಾಲಲ್ಲಿ ಕಸುವಿದ್ದರೂ ಉಸಿರು ಕೈಕೊಡುವುದು, ಎದೆ ಬಿಗಿಯುವುದು, ಗಂಟಲು ಕೆರೆಯುವುದು.

“ಏನಕ್ಕಾ, ಎಲ್ಲಾ ಸ್ಟಾಪಲ್ಲೂ ನಿಲ್ತಿದೀಯಲ್ಲ? ಬೋರ್ಡು ಬದಲಾಯಿಸೋಣ್ವಾ?” ಎಂದು ಕಂಡಕ್ಟರೊಬ್ಬ ಕಿಚಾಯಿಸಿದ.

ತಂಡದ ಕೋಚ್ ನಗಲೂ ಇಲ್ಲ. “ಎರಡು ಮಕ್ಕಳಾದ್ವು, ವಯಸ್ಸೂ ಆಯ್ತು. ಈ ಸಲದ ಆಯ್ಕೆ ಓಟದಲ್ಲಿ ಮೊದಲು ಬರ್ಲಿಲ್ಲಾಂದ್ರೆ ತಂಡದಲ್ಲಿ ನಿನ್ನ ಜಾಗ ಇನ್ನೊಬ್ರಿಗೆ. ಬೇಜಾರು ಮಾಡ್ಕೋಬೇಡಮ್ಮ.”

ದೊಡ್ಡವರ ನ್ಯಾಯ ನೋಡಿ! ಗಾಳಿ ಕೆಡಿಸಿದ್ದನ್ನು ಕೇಳುವವರಿಲ್ಲ, ಅದನ್ನು ಕುಡಿದವಳ ಬಾಣಂತನಕ್ಕೆ ವಿಚಾರಣೆ. ಪಾಪ, ಅವಳೂ ನಂಬಿಬಿಟ್ಟಳು. ಹಟಕ್ಕೆ ಬಿದ್ದು ಅದೇ ಜಾಗದಲ್ಲಿ ಇನ್ನೂ ಹೆಚ್ಚು ಸುತ್ತು ಓಡಿದಳು. ಕೆಮ್ಮು ಜಾಸ್ತಿಯಾಯಿತು.

ಅಷ್ಟರಲ್ಲಿ ಡ್ರೈವರುಗಳು ಮುಷ್ಕರ ಹೂಡಿದರು. ಒಂದು ಬಸ್ಸೂ ಮಿಸುಕಲಿಲ್ಲ. ಆ ಬೆಳಿಗ್ಗೆ ಅವಳು ಓಡಿದಳು, ಓಡುತ್ತಲೇ ಇದ್ದಳು. ಉಸಿರು ತಾನಾಗಿ ಬಂದು ಹೋಗುತ್ತಿತ್ತು. ಸಾಲಾಗಿ ತೆಪ್ಪಗೆ ನಿಂತ ಬಸ್ಸುಗಳನ್ನು ನೋಡಿ ಅವಳು ಹಣೆ ಚಚ್ಚಿಕೊಂಡಳು. ದಿನವೂ ಅವಳು ಓಡುವ ಹೊತ್ತಿಗೇ ಇಂಜಿನ್ ಚಾಲೂ ಮಾಡಿಟ್ಟು ಡ್ರೈವರುಗಳು ಚಹಾಕ್ಕೆ ಹೋಗುತ್ತಿದ್ದರು. ಎತ್ತರದ ಗೋಡೆಗಳ ನಡುವೆ, ಚಳಿಗೆ ಮೇಲೇರದ ಹೊಗೆ ನೆಲದಲ್ಲೇ ಬೀಡುಬಿಡುತ್ತಿತ್ತು. ಸುಮ್ಮನೆ ನಿಂತವನು ಮೂಗಿನಲ್ಲಿ ಒಂದಿಷ್ಟು ಎಳೆದುಕೊಂಡರೆ, ಓಡುವವಳು ಬಾಯಿ ತೆರೆದು ಎಷ್ಟೋ ಜನರ ಪಾಲನ್ನು ಒಳಗೆ ಇಳಿಸಿಕೊಳ್ಳುತ್ತಿದ್ದಳು.

ಮುಷ್ಕರ ಮುಗಿದ ಮರುದಿನ ಚಹಾದಂಗಡಿಗೇ ನುಗ್ಗಿದಳು.

“ಅಣ್ಣ, ಬಸ್ ಆಫ್ ಮಾಡಿ ಬಂದು ಚಹಾ ಕುಡೀರಿ.”

ಹಿರಿಯ ಡ್ರೈವರ್ ಹುಬ್ಬೇರಿಸಿದ. “ಇಂಜಿನ್ ಬಿಸಿಯಾಗ್ಬೇಡ್ವೇನಮ್ಮ? ಮೆಕ್ಯಾನಿಕ್ ಆಗಿ ನೀನೇ ಹಿಂಗಂತೀಯಲ್ಲ!”

“ಇಂಜಿನ್ ಬಿಸಿಯಾಗೋಕೆ, ಬ್ರೇಕಿಗೆ ಗಾಳಿ ತುಂಬೋಕೆ ಸ್ವಲ್ಪ ಹೊತ್ತು ಸಾಕು. ಆಮೇಲೆ ಉರಿಯೋದೆಲ್ಲ ನಿಮ್ಮ ಹರಟೆಗೆ. ಬಸ್ ಕೆಟ್ರೆ ನನ್ನನ್ನ ಕೇಳಿ. ನನ್ನೆದೆ ಕೆಟ್ರೆ ಯಾರನ್ನ ಕೇಳ್ಲಿ?”

ಏನೋ ಹೇಳಹೊರಟ ಅವನಿಗೇ ಕೆಮ್ಮು ಒತ್ತರಿಸಿ ಬಂತು. ಅಂಗಡಿಯೆಲ್ಲ ಗೊಳ್ಳೆಂದಿತು. “ಆಯ್ತು ತಾಯಿ, ಗೆದ್ದೆ. ಒಂದು ವಾರ ನೋಡೋಣ,” ಎಂದು ಎದ್ದುಹೋಗಿ ಕೀಲಿ ತಿರುಗಿಸಿ ಇಂಜಿನ್ ಆಫ್ ಮಾಡಿದ. ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ವಾರ ಕಳೆಯಿತು. ಒಂದು ಬಸ್ಸೂ ದಾರಿಯಲ್ಲಿ ಕೈಕೊಡಲಿಲ್ಲ. ಚಹಾ ಮುಗಿದ ಮೇಲೇ ಇಂಜಿನ್ ಎಂಬುದು ಡಿಪೋದ ರೂಢಿಯಾಯಿತು. ಇದಕ್ಕೆ ಯಾವ ಸಾಹೇಬನ ಆದೇಶವೂ ಬೇಕಾಗಲಿಲ್ಲ.

ಆಯ್ಕೆ ಓಟದ ದಿನ ಡಿಪೋದ ಅರ್ಧ ಜನ ಮೈದಾನದ ಬೇಲಿಗೆ ಜೋತುಬಿದ್ದಿದ್ದರು. ಅರ್ಧ ದಾರಿಯವರೆಗೆ ಅವಳು ಗುಂಪಿನ ನಡುವೆಯೇ ಇದ್ದಳು. ಆಮೇಲೆ ಹೆಜ್ಜೆ ಹಿಗ್ಗಿಸಿದಳು. ಎದೆ ತಡೆಯಲಿಲ್ಲ, ಗಂಟಲು ಕೆರೆಯಲಿಲ್ಲ. ಒಬ್ಬಳನ್ನು ದಾಟಿದಳು, ಇಬ್ಬರನ್ನು ದಾಟಿದಳು. ಕೊನೆಯ ತಿರುವಿನಲ್ಲಿ ಅವಳ ಮುಂದೆ ಬರೀ ಮಣ್ಣಿನ ಹಾದಿ.

ಗೆರೆ ದಾಟಿದವರೆಲ್ಲ ಮಂಡಿ ಹಿಡಿದು ಬಗ್ಗಿದ್ದರು. ಮೊದಲು ದಾಟಿದವಳು ಮಾತ್ರ ಓಡುತ್ತಲೇ ಇದ್ದಳು.

“ಗೆದ್ದಾಯ್ತಲ್ಲಮ್ಮ, ಜಾಗ ನಿಂದೇ, ನಿಲ್ಲು!” ಎಂದು ಕೋಚ್ ಕೂಗಿದ.

“ಇರಿ ಸಾರ್,” ಎಂದು ಅವಳು ತಿರುಗಿಯೂ ನೋಡದೆ ಕೂಗಿದಳು, “ಇನ್ನೊಂದು ಸುತ್ತು ನನ್ನ ಖುಷಿಗೆ!”