ಇಂಜಿನ್ನಿನ ನಾಡಿ ಹಿಡಿದ ದೊಡ್ಡಪ್ಪ

ನಮ್ಮ ಬೀದಿಯಲ್ಲಿ ದೊಡ್ಡಪ್ಪನಿಗೆ ‘ಮಂದಗಿವಿ ಮೇಸ್ತ್ರಿ’ ಎಂದೇ ಹೆಸರು. ಪಂಪು ಕೆಟ್ಟು ನಮ್ಮ ವರ್ಕ್‌ಶಾಪಿಗೆ ಬಂದವರು ಅವರ ಎಡಗಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಬೇಕಿತ್ತು. ಬಲಗಿವಿ ಪೂರ್ತಿ ಹೋಗಿತ್ತು. ಯಾರಾದರೂ ಕೇಳಿದರೆ, “ನೌಕಾಪಡೆಯಲ್ಲಿದ್ದಾಗ ಕಿವಿ ಸೋರ್ತು” ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದರು. ಅವರ ತಮ್ಮನ ಮಗಳಾದ ನಾನು ಹನ್ನೊಂದು ವರ್ಷದಿಂದ ಅವರ ಪಕ್ಕದಲ್ಲೇ ಸ್ಪ್ಯಾನರ್ ಹಿಡಿದು ಕೆಲಸ ಮಾಡುವವಳು. ನನಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಅವರು ಹದಿನೆಂಟು ವರ್ಷ ಡೀಸೆಲ್ ಜಲಾಂತರ್ಗಾಮಿಗಳಲ್ಲಿ ಮೆಕ್ಯಾನಿಕ್ ಆಗಿದ್ದರು. ಎಲ್ಲಿಗೆ ಹೋಗುತ್ತೇನೆಂದು ಹೇಳುವಂತಿರಲಿಲ್ಲ, ಬಂದ ಮೇಲೆ ಎಲ್ಲಿಗೆ ಹೋಗಿದ್ದೆನೆಂದೂ ಹೇಳುವಂತಿರಲಿಲ್ಲ. ದೊಡ್ಡಮ್ಮನಿಗೆ ಬರುತ್ತಿದ್ದದ್ದು ‘ನಾನು ಕ್ಷೇಮ’ ಎಂದು ಶುರುವಾಗಿ ಅಲ್ಲಿಗೇ ಮುಗಿಯುವ ಕಾಗದ. ರಜೆಗೆ ಬಂದರೆ ಅವರ ಬಟ್ಟೆಯನ್ನು ಮೂರು ಸಲ ಒಗೆದರೂ ಡೀಸೆಲ್ ವಾಸನೆ ಬಿಡುತ್ತಿರಲಿಲ್ಲವಂತೆ. ಬಚ್ಚಲಿಗೆ ಹೋದವರು ಎರಡು ಚೊಂಬು ನೀರಿನಲ್ಲಿ ಸ್ನಾನ ಮುಗಿಸಿ ಬರುತ್ತಿದ್ದರಂತೆ. “ಸಮುದ್ರದೊಳಗೇ ಇರೋ ಮನುಷ್ಯನಿಗೆ ನೀರಂದ್ರೆ ಅದೇನು ಜಿಪುಣತನವೋ!” ಎಂದು ದೊಡ್ಡಮ್ಮ ಈಗಲೂ ನಗುತ್ತಾರೆ.

ಹೋದ ವರ್ಷ ಒಂದು ಆಮಂತ್ರಣ ಬಂತು. ದೊಡ್ಡಪ್ಪ ದುಡಿದಿದ್ದ ಜಲಾಂತರ್ಗಾಮಿಯನ್ನು ಬಂದರಿನಲ್ಲಿ ಹಡಗು ನಿಲ್ಲುವ ಧಕ್ಕೆಗೆ ಕಟ್ಟಿ ವಸ್ತುಸಂಗ್ರಹಾಲಯ ಮಾಡಿದ್ದರು. ಉದ್ಘಾಟನೆಯ ದಿನ ಹಳೆಯ ಸಿಬ್ಬಂದಿಗೆ ಗೌರವ ಸಲ್ಲಿಸಿ, ಒಂದು ಇಂಜಿನ್ನನ್ನು ಓಡಿಸಿ ತೋರಿಸುವವರಿದ್ದರು.

“ಕುರ್ಚಿ ಮೇಲೆ ಕೂತು ಚಪ್ಪಾಳೆ ತಟ್ಟಿಸ್ಕೊಳ್ಳೋಕೆ ಅಷ್ಟು ದೂರ ಹೋಗ್ಬೇಕಾ?” ಎಂದರು ದೊಡ್ಡಪ್ಪ.

“ನೀವು ಬರದಿದ್ರೆ ಬಿಡಿ, ನಾನಂತೂ ಹೋಗ್ತೀನಿ,” ಎಂದರು ದೊಡ್ಡಮ್ಮ. “ಹದಿನೆಂಟು ವರ್ಷ ನಿಮ್ಮನ್ನ ಇಟ್ಕೊಂಡಿದ್ದ ಆ ಸವತಿ ಮುಖ ಒಂದ್ಸಲ ನೋಡ್ಬೇಕು ನಾನು.”

ಮೂವರೂ ಹೊರಟೆವು.

ಧಕ್ಕೆಯ ಮೇಲೆ ಇನ್ನೂರು ಕುರ್ಚಿ ಹಾಕಿದ್ದರು. ಬೆಳಗಿನ ಹತ್ತು ಗಂಟೆಗೆ ಇಂಜಿನ್ ಶುರುವಾಗಬೇಕಿತ್ತು. ಕೆಳಗಿನಿಂದ ಗಾಳಿ ಬುಸುಗುಟ್ಟಿದ ಸದ್ದು, ನಾಲ್ಕು ಸಲ ಧಡ್ ಧಡ್, ಆಮೇಲೆ ಮೌನ. ಎರಡನೇ ಸಲವೂ ಅಷ್ಟೇ. ಮೂರನೇ ಸಲ ಜನ ಗುಸುಗುಸು ಶುರುಮಾಡಿದರು. ದೊಡ್ಡಪ್ಪನ ಕಣ್ಣು ಹೊಗೆ ಬರುವ ಕೊಳವೆಯ ಮೇಲಿತ್ತು. ಅಲ್ಲಿ ತೆಳ್ಳಗೆ ಬಿಳಿ ಹೊಗೆ ಕಂಡಿದ್ದೇ ತಡ, ಎದ್ದು ನಿಂತರು.

“ಸುಮ್ನೆ ಕೂತ್ಕೊಳ್ರೀ!” ಎಂದು ದೊಡ್ಡಮ್ಮ ಅಂಗಿ ಎಳೆದರು. ಕೇಳಿಸಲಿಲ್ಲವೋ, ಕೇಳಿಸಿದರೂ ಕೇಳಿಸದಂತೆ ಇದ್ದರೋ! ಎಪ್ಪತ್ತನಾಲ್ಕರ ಮನುಷ್ಯ ಕಡಿದಾದ ಕಬ್ಬಿಣದ ಏಣಿಯನ್ನು ಸರಸರನೆ ಇಳಿದೇಬಿಟ್ಟರು. ನಾನು ತಡವರಿಸುತ್ತ ಹಿಂದೆ ಇಳಿದೆ.

ಎರಡು ಇಂಜಿನ್ನುಗಳ ನಡುವೆ ಒಬ್ಬರು ಓರೆಯಾಗಿ ನಿಲ್ಲುವಷ್ಟು ಜಾಗ. ಅಲ್ಲಿ ಸಂಗ್ರಹಾಲಯದ ಎಳೆಯ ವಯಸ್ಸಿನ ಇಂಜಿನಿಯರ್ ಬೆವರಿನಲ್ಲಿ ತೊಯ್ದು ನಿಂತಿದ್ದ.

“ಇನ್ನೊಂದ್ಸಲ ತಿರುಗಿಸಪ್ಪ,” ಎಂದರು ದೊಡ್ಡಪ್ಪ.

“ಅಜ್ಜ, ಇಂಜಿನ್ ತಿರುಗಿಸೋ ಗಾಳಿ ಸಿಲಿಂಡರಿನಲ್ಲಿ ಇನ್ನೆರಡು ಸಲಕ್ಕಾಗೋಷ್ಟೇ ಇದೆ.”

“ಎರಡು ಸಾಕು.”

ಇಂಜಿನ್ ತಿರುಗಿತು. ಡೀಸೆಲ್ ಹೋಗುವ ಸಣ್ಣ ಪೈಪುಗಳ ಮೇಲೆ ಅವರು ಒಂದೊಂದಾಗಿ ಬೆರಳಿಟ್ಟರು, ವೈದ್ಯರು ಮಣಿಕಟ್ಟು ಹಿಡಿದಂತೆ.

“ಮಗಳೇ, ಮೂರು, ನಾಲ್ಕು, ಆರು. ನಾಡಿ ಸಿಗ್ತಿಲ್ಲ. ಪೈಪಿನಲ್ಲಿ ಗಾಳಿ ಸೇರ್ಕೊಂಡಿದೆ.”

ನಾನು ಆ ಮೂರು ಪೈಪುಗಳ ನಟ್ಟು ಸಡಿಲಿಸಿದೆ. ಅವರು ಕೈಪಂಪು ಒತ್ತತೊಡಗಿದರು. ಮೊದಲು ನೊರೆ ಬಂತು, ಗುಳ್ಳೆ ಬಂತು, ಕೊನೆಗೆ ತಿಳಿಯಾದ ಡೀಸೆಲ್. ನಟ್ಟು ಬಿಗಿದೆ.

“ಈಗ ಬಿಡಪ್ಪ.”

ಉಳಿದಿದ್ದು ಒಂದೇ ಸಲದ ಗಾಳಿ. ಇಂಜಿನ್ ಕೆಮ್ಮಿತು, ಮುಗ್ಗರಿಸಿತು, ಆಮೇಲೆ ಗುಡುಗಿತು! ಕಾಲಡಿಯ ತಗಡು ನಡುಗಿತು, ಹಲ್ಲು ಕಟಕಟ ಎಂದವು. ಮೇಲೆ ಜನ ಹೋ ಎಂದು ಕೂಗಿದ್ದು ಆ ಸದ್ದನ್ನೂ ಸೀಳಿಕೊಂಡು ಬಂತು. ಇಂಜಿನಿಯರ್ ದೊಡ್ಡಪ್ಪನನ್ನು ಬಾಚಿ ತಬ್ಬಿಕೊಂಡ.

ನಾವು ಮೇಲೆ ಬಂದಾಗ ಊರುಗೋಲು ಹಿಡಿದ ವೃದ್ಧರೊಬ್ಬರು ಮೈಕಿನ ಮುಂದೆ ನಿಂತಿದ್ದರು. ಅವರು ಆ ಜಲಾಂತರ್ಗಾಮಿಯ ಅಂದಿನ ಕ್ಯಾಪ್ಟನ್.

“ಇವರ ಬಗ್ಗೆ ನಾನೊಂದು ಮಾತು ಹೇಳ್ಲೇಬೇಕು,” ಎಂದರು. “ಇಷ್ಟು ವರ್ಷ ಅದು ಗುಟ್ಟು. ಈಗ ಹೇಳೋಕೆ ಅಪ್ಪಣೆ ಸಿಕ್ಕಿದೆ. ಅವತ್ತು ಬಿರುಗಾಳಿ. ನಾವು ನೀರಿನಡಿ ಇದ್ವಿ. ಉದ್ದದ ಕೊಳವೆ ಒಂದನ್ನ ಮೇಲಕ್ಕೆ ಎತ್ತಿ, ಅದರಿಂದ ಗಾಳಿ ಎಳೆದು ಇಂಜಿನ್ ಓಡಿಸ್ತಿದ್ವಿ. ಒಂದು ಅಲೆ ಬಡಿದು ಕೊಳವೆ ಬಾಯಿ ಮುಚ್ಚಿ ಕಚ್ಕೊಂಡ್ಬಿಡ್ತು. ಇಂಜಿನ್‌ಗಳು ನಮ್ಮ ಉಸಿರಾಟದ ಗಾಳೀನೇ ಎಳೀತಾ ಹೋದ್ವು. ಒಂದು ನಿಲ್ತು. ಇನ್ನೊಂದನ್ನ ನಿಲ್ಲಿಸೋ ಲಿವರ್ರೇ ಮುರೀತು. ಒಳಗೆ ಗಾಳಿ ಒತ್ತಡ ಇಳಿದು ನಾವೆಲ್ಲ ಕಿವಿ ಹಿಡ್ಕೊಂಡು ಕುಸಿದಿದ್ದಾಗ, ಇವರು ಇಂಜಿನ್ ಅಡಿಗೆ ತೆವಳಿ ಹೋಗಿ ಬರಿಗೈಲಿ ಡೀಸೆಲ್ ಬರೋ ದಾರಿ ಮುಚ್ಚಿ ಅದನ್ನ ನಿಲ್ಲಿಸಿದ್ರು. ಹೊರಗೆ ಎಳೆದಾಗ ಬಲಗಿವೀಲಿ ರಕ್ತ ಸುರೀತಿತ್ತು. ನಾವು ನಲವತ್ತಾರು ಜನ ಮನೆ ಸೇರಿದ್ವಿ.”

ಅಷ್ಟು ಹೇಳಿ, ಊರುಗೋಲನ್ನು ಎಡಗೈಗೆ ಬದಲಿಸಿ, ಕ್ಯಾಪ್ಟನ್ ದೊಡ್ಡಪ್ಪನಿಗೆ ಸೆಲ್ಯೂಟ್ ಹೊಡೆದರು. ಇನ್ನೂರು ಜನ ಎದ್ದು ನಿಂತರು. ದೊಡ್ಡಪ್ಪನ ಬೆನ್ನು ತಾನಾಗಿ ನೆಟ್ಟಗಾಯಿತು. ಕೈ ಹಣೆಗೆ ಹೋಯಿತು, ಗ್ರೀಸು ಮೆತ್ತಿದ ಕೈ.

“ಕಿವಿ ಸೋರ್ತು ಅಂದಿದ್ರಲ್ರೀ!” ಎಂದರು ದೊಡ್ಡಮ್ಮ, ಅವರ ಎಡಗಿವಿಗೆ.

“ಸೋರಿದ್ದು ನಿಜ ತಾನೆ?”

ದೊಡ್ಡಮ್ಮ ನಕ್ಕರು, ನಗುತ್ತಲೇ ಅತ್ತರು, ಸೆರಗಿನಿಂದ ಅವರ ಕೈ ಒರೆಸಿದರು. ಆಮೇಲೆ ಆ ಧಕ್ಕೆಯಲ್ಲಿ ಎದುರಾದವರಿಗೆಲ್ಲ, ಕೇಳಲಿ ಬಿಡಲಿ, “ಇವರು ನಮ್ಮ ಮನೆಯವರು” ಎಂದು ಪರಿಚಯಿಸುತ್ತ ಓಡಾಡಿದರು.

ಹೊರಡುವಾಗ ಇಂಜಿನಿಯರ್ ಓಡಿ ಬಂದ. “ಎರಡನೇ ಇಂಜಿನ್ ಪೂರ್ತಿ ಹಿಡ್ಕೊಂಡ್ಬಿಟ್ಟಿದೆ, ತಿರುಗೋದೇ ಇಲ್ಲ ಅಜ್ಜ. ನಮಗೆ ಕಲಿಸ್ತೀರಾ?”

ಅಂದಿನಿಂದ ಪ್ರತಿ ಶನಿವಾರ ವರ್ಕ್‌ಶಾಪ್ ನನ್ನ ಪಾಲಿಗೆ, ಬಂದರಿನ ಬಸ್ಸು ಅವರ ಪಾಲಿಗೆ. ಐದು ತಿಂಗಳು ಬಿಚ್ಚಿದರು, ತೊಳೆದರು, ಬೈದರು, ಮತ್ತೆ ಜೋಡಿಸಿದರು. ಕಳೆದ ಶನಿವಾರ ಆ ಇಂಜಿನ್ ಮೊದಲ ಪ್ರಯತ್ನಕ್ಕೇ ಎದ್ದಿತು. ಎಬ್ಬಿಸಿದ್ದು ಇಂಜಿನಿಯರ್. ದೊಡ್ಡಪ್ಪ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರಂತೆ, ಒಂದು ನಟ್ಟನ್ನೂ ಮುಟ್ಟದೆ.