ಅಧ್ಯಕ್ಷರ ಸಾಧನೆಯ ಫ್ಲೆಕ್ಸ್

ಪುಣೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬಕ್ಕೂ ಶ್ರದ್ಧಾಂಜಲಿಗೂ ಅದೇ ನಗುಮುಖದ ಫೋಟೊ ಹಾಕಿ ರೂಢಿಯಾದವನು ನಾನು. ಆದರೂ ನಮ್ಮ ಕನ್ನಡ ಸಂಘದ ಹೊಸ ಅಧ್ಯಕ್ಷರು 'ಅಲ್ಪಾವಧಿಯಲ್ಲಿ ಅಪಾರ ಸಾಧನೆ' ಎಂಬ ಫ್ಲೆಕ್ಸ್ ಮಾಡಿಸಲು ಬಂದಾಗ ಬೆಪ್ಪಾದೆ. ಅವರು ತಂದ ಫೋಟೊಗಳಲ್ಲೆಲ್ಲ ಯಾರೋ ಅವರಿಗೆ ಶಾಲು ಹೊದಿಸುತ್ತಿದ್ದರು. ಚಾಕಣದಲ್ಲಿ ಶಾಲು, ಲೋಣಾವಳಾದಲ್ಲಿ ಶಾಲು, ರಾಂಜಣಗಾಂವದಲ್ಲಿ ಶಾಲಿನ ಜೊತೆಗೆ ತಲೆಗೊಂದು ಫೇಟಾ.

"ಸರ, ಇದೆಲ್ಲಾ ಸನ್ಮಾನದ್ದಾತು. ಕೆಲಸದ ಫೋಟೊ ಇಲ್ಲೇನ್ರಿ? ಸಂಘದ ಹಾಲ್ ಸೋರ್ತದಲ್ರಿ, ಅದು ರಿಪೇರಿ ಆತೇನ್ರಿ?"

"ಮಾಡಾಕ ವಿರೋಧಿಗಳು ಬಿಡಬೇಕಲ್ಲೋ ತಮ್ಮಾ? ಆ ಯೂಟ್ಯೂಬ್ ಚಾನೆಲ್‌ನವರಿಗಂತೂ ನನ್ನ ಬೈಯೋದ ಒಂದು ಕೆಲಸ. ನೀ ಫೇಟಾದ ಫೋಟೊ ದೊಡ್ಡದು ಮಾಡು."

ಮರುದಿನ ವಿರೋಧಿ ಗುಂಪಿನ ಮುಖಂಡರೇ ಬಂದರು. ಅವರಿಗೆ ಧಿಕ್ಕಾರದ ಫ್ಲೆಕ್ಸ್ ಬೇಕಿತ್ತು. ಇವರಾದರೂ ಸೋರುವ ಹಾಲ್ ಬಗ್ಗೆ ಬರೆಸುತ್ತಾರೆಂದು ಖುಷಿಯಿಂದ, "ಏನಂತ ಹಾಕ್ಲಿರಿ?" ಎಂದೆ.

"ಇಷ್ಟೆಲ್ಲಾ ಸನ್ಮಾನ ಆದ್ವು. ನಮ್ಮ ಗುಂಪಿನವ್ರಿಗೆ ಒಂದರೆ ಶಾಲು ಹೊದಿಸ್ಯಾರೇನು? ಅದನ್ನ ಹಾಕು!"

ಎರಡನ್ನೂ ಪ್ರಿಂಟ್ ಮಾಡಿಕೊಟ್ಟೆ. ಮಳೆಗಾಲದಲ್ಲಿ ಸಂಘಕ್ಕೆ ಹೋದರೆ ಹಾಲ್ ಅಷ್ಟಾಗಿ ಸೋರುತ್ತಿರಲಿಲ್ಲ. ಹೊರಗೆ ಬಂದು ತಲೆಯೆತ್ತಿ ನೋಡಿದೆ. ವಾಚ್‌ಮನ್ ಎರಡೂ ಫ್ಲೆಕ್ಸ್‌ಗಳನ್ನು ಚಾವಣಿಯ ತಗಡಿನ ಮೇಲೆ ಹಾಸಿ ಕಲ್ಲು ಹೇರಿದ್ದ. ಅಧ್ಯಕ್ಷರೂ ವಿರೋಧಿಗಳೂ ಸೇರಿ ಸಂಘಕ್ಕೆ ಮಾಡಿದ ಕೆಲಸ ಅದೊಂದೇ.

ಒಂದು ಮೂಲೆ ಮಾತ್ರ ಇನ್ನೂ ಸೋರುತ್ತಿದೆ. ಕಾರ್ಯದರ್ಶಿಗೂ ಯಾರಾದರೂ ಒಂದು ಸನ್ಮಾನ ಮಾಡಿದರೆ ಅದೂ ನಿಂತೀತು.