ಎಲ್ಮಾಗೆ ಸೇರದ ವಾಫಲ್‌ಗಳು

ಕಾವಲಿ ಕಾದಿದೆಯೇ ಎಂದು ನೋಡಲು ಸೈಮಾ ಕೊಸ್ಕಿ ಒದ್ದೆ ಬೆರಳು ಕೊಡವುತ್ತಾರೆ. ಹನಿಗಳು ಕಬ್ಬಿಣದ ಮೇಲೆ ಪುಟಿದು, ಕುಣಿದು ಮಾಯವಾಗುತ್ತವೆ. ಹಿಂದಿನ ಸಂಜೆ ಕಲಸಿಟ್ಟ ಹಿಟ್ಟು ಉಬ್ಬಿ ಪಾತ್ರೆಯ ಅಂಚಿಗೆ ಬಂದಿದೆ. ಏಲಕ್ಕಿ ಮತ್ತು ಹುಳಿ ಮಜ್ಜಿಗೆಯ ವಾಸನೆ ಅಂಗಡಿ ತುಂಬ ಹರಡಿದೆ. ಒಂದು ಸೌಟು ಹೊಯ್ದು, ಮುಚ್ಚಿ, ಹಿಡಿ ಹಿಡಿದು ಇಡೀ ಕಾವಲಿಯನ್ನೇ ಮಗುಚುತ್ತಾರೆ. ಹೊರಗೆ ಸುಪೀರಿಯರ್ ಸರೋವರದ ಮೇಲೆ ಕವಿದ ಮಂಜು ಇನ್ನೂ ಎದ್ದಿಲ್ಲ. ಪೆಟ್ರೋಲ್ ಬಂಕಿನ ಪಕ್ಕದ ಈ ಪುಟ್ಟ ತಿಂಡಿ ಅಂಗಡಿಯ ಮುಂದೆ ಆಗಲೇ ಮೂರು ನಾಲ್ಕು ಗಾಡಿಗಳು ನಿಂತಿವೆ.

"ಮುಮ್ಮು, ಇವತ್ತು ಮೇಲೆ ಏನ್ ಹಾಕ್ತೀರಿ?" ಗರಗಸದ ಮಿಲ್ಲಿನಲ್ಲಿ ಕೆಲಸ ಮಾಡುವ ಟೆಸ್ ಕೇಳುತ್ತಾಳೆ. ಅಮೆರಿಕದ ಈ ಲೆಪ್ಪಾ ಕೊಲ್ಲಿ ಎಂಬ ಊರಿನ ಫಿನ್ಲೆಂಡ್ ಮೂಲದವರ ಮನೆಗಳಲ್ಲಿ ಅಜ್ಜಿಗೆ ಮುಮ್ಮು ಎನ್ನುತ್ತಾರೆ. ಮಕ್ಕಳಿಲ್ಲದ ಸೈಮಾ ಊರಿನ ಕಿರಿಯರಿಗೆಲ್ಲ ಮುಮ್ಮು.

"ಹುಳಿ ಸೇಬು, ಕರಿಮೆಣಸು."

"ಸೇಬಿಗೆ ಮೆಣಸಾ?"

"ಮೊದಲು ತಿನ್ನು. ಆಮೇಲೆ ಬೈ."

ಟೆಸ್ ತಿನ್ನುತ್ತಾಳೆ. ಬೈಯುವುದಿಲ್ಲ. ತಟ್ಟೆಯನ್ನು ಮತ್ತೆ ಮುಂದೆ ತಳ್ಳುತ್ತಾಳೆ.

ಇಲ್ಲಿ ವಾಫಲ್‌ಗಿಂತ ಅದರ ಮೇಲೆ ಬೀಳುವುದಕ್ಕೇ ಹೆಸರು. ಒಂದು ವಾರ, ಹೊಗೆಯಲ್ಲಿ ಒಣಗಿಸಿದ ಕೆರೆಮೀನು, ಹುಳಿಗೆನೆ, ಸಬ್ಬಸಿಗೆ. ಇನ್ನೊಂದು ವಾರ ಸುಟ್ಟ ಕುಂಬಳಕಾಯಿ, ಅದರ ಮೇಲೆ ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯಿಸಿದ ಬೆಣ್ಣೆ. ಮೇಪಲ್ ಪಾಕದಲ್ಲಿ ಬೆಂದ ಈರುಳ್ಳಿಯನ್ನು ಹಾಕಿದ ದಿನ ಜನ ಮೊದಲು ನಕ್ಕರು, ಆಮೇಲೆ ಸಾಲು ನಿಂತರು. ರಜೆಯಲ್ಲಿ ದೂರದ ಪಟ್ಟಣಗಳವರೂ ಹುಡುಕಿಕೊಂಡು ಬರುತ್ತಾರೆ. ಇಷ್ಟೆಲ್ಲ ಹೇಗೆ ಹೊಳೆಯುತ್ತದೆ ಎಂದು ಅವರು ಕೇಳಿದರೆ ಸೈಮಾ ಒಲೆಯ ಕಡೆ ತಿರುಗಿಬಿಡುತ್ತಾರೆ.

ಇವುಗಳಲ್ಲಿ ಯಾವುದೂ ಗಿರಾಕಿಗಳಿಗಾಗಿ ಹುಟ್ಟಿದ್ದಲ್ಲ. ಎಲ್ಲವೂ ಅಕ್ಕ ಎಲ್ಮಾಗಾಗಿ. ಎಲ್ಲವನ್ನೂ ಎಲ್ಮಾ ಒಂದು ಚೂರು ಬಾಯಿಗಿಟ್ಟು ಬೇಡ ಎಂದಿದ್ದಾರೆ.

ಅಕ್ಕತಂಗಿಯರು ಹುಟ್ಟುವ ಹೊತ್ತಿಗೆ ಅಜ್ಜ ಇಳಿಯುತ್ತಿದ್ದ ತಾಮ್ರದ ಗಣಿಗೆ ಬೀಗ ಬಿದ್ದಿತ್ತು. ಉಳಿದದ್ದು ಅವ್ವನ ಅಡುಗೆಮನೆ, ಅಲ್ಲಿನ ಎರಕದ ಕಾವಲಿ. ಸೈಮಾ ಶಾಲೆಯ ಊಟದ ಮನೆಯಲ್ಲಿ ವರ್ಷಗಟ್ಟಲೆ ಪಾತ್ರೆ ತಿಕ್ಕಿದರು, ಅದು ಮುಚ್ಚಿದ ಮೇಲೆ ಈ ಅಂಗಡಿ ಹಿಡಿದರು. ಆಗ ವಾಫಲ್ ಮೇಲೆ ಏನು ಹಾಕುವುದೆಂಬ ಚಿಂತೆಯೇ ಇರಲಿಲ್ಲ. ತಂಗಿ ಹಿಟ್ಟು ಕಲಸುತ್ತಿದ್ದರು, ಅಕ್ಕ ಥಿಂಬಲ್‌ಬೆರ್ರಿ ಜಾಮ್ ತಂದಿಡುತ್ತಿದ್ದರು. ಬೆರಳಿನ ತುದಿಗೆ ಟೋಪಿಯಂತೆ ಕೂರುವ, ಮುಟ್ಟಿದರೆ ಮುದ್ದೆಯಾಗುವ ಕೆಂಪು ಹಣ್ಣು ಅದು. ಯಾರೂ ಬೆಳೆಯುವುದಿಲ್ಲ. ಆಗಸ್ಟ್ ತಿಂಗಳಲ್ಲಿ ಕಾಡಿಗೆ ಹೋಗಿ, ಕರಡಿಗಿಂತ ಮೊದಲು ಕಿತ್ತು ತರಬೇಕು.

ಎಲ್ಲಿ ಕೀಳುತ್ತೇವೆ ಎಂಬುದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. "ಇಲ್ಲಿಯವರು ಗಂಡನ ಗುಟ್ಟು ಹೇಳ್ತಾರೆ, ಬ್ಯಾಂಕಿನ ಗುಟ್ಟೂ ಹೇಳ್ತಾರೆ. ಹಣ್ಣಿನ ಜಾಗ ಹೇಳಲ್ಲ," ಎನ್ನುತ್ತಾರೆ ಸೈಮಾ. "ನಾನು ಕೇಳಿದ್ರೆ ಎಲ್ಮಾ, 'ನಾನು ಸತ್ತಾಗ ಹೇಳ್ತೀನಿ' ಅಂತಿದ್ಲು. ನಾನೂ ನಗ್ತಿದ್ದೆ. ಅವಳ ಹಿಂದೆ ಹೋಗಿ ನೋಡ್ಬಹುದಿತ್ತು. ಹಾಗೆ ಮಾಡೋರನ್ನ ಇಲ್ಲಿ ಯಾರೂ ಮನೆಗೆ ಸೇರಿಸಲ್ಲ."

ಈಗ ಎಲ್ಮಾ ಇದ್ದಾರೆ, ಜಾಗವೂ ಇದೆ, ಹೇಳುವ ನೆನಪು ಇಲ್ಲ. ಮೊದಲು ಮರೆತದ್ದು ಕನ್ನಡಕವನ್ನು, ಆಮೇಲೆ ಮನೆಯ ದಾರಿಯನ್ನು. ಹೋದ ಶರತ್ಕಾಲದಲ್ಲಿ ಗುಡ್ಡದಾಚೆಯ ವೃದ್ಧರ ಆರೈಕೆ ಮನೆಗೆ ಸೇರಿಸಬೇಕಾಯಿತು. ಅಲ್ಲಿ ಅವರ ಊಟ ಎರಡು ತುತ್ತಿಗೇ ನಿಲ್ಲತೊಡಗಿತು. ಸೈಮಾ ಭಾನುವಾರ ಒಯ್ಯುತ್ತಿದ್ದ ಜಾಮ್ ಸವರಿದ ವಾಫಲ್ ಮಾತ್ರ ಪೂರ್ತಿ ಇಳಿಯುತ್ತಿತ್ತು. ಚಳಿಗಾಲದ ನಡುವೆ, ಎಲ್ಮಾ ಮೊದಲೇ ಮಾಡಿಟ್ಟಿದ್ದ ಜಾಮ್ ಮುಗಿಯಿತು.

ಅಂದಿನಿಂದ ವಾರಕ್ಕೊಂದು ಹೊಸ ಪ್ರಯತ್ನ. ಎಲ್ಮಾ ತೆಳ್ಳಗಾಗುತ್ತ ಹೋದರು. ಬಳೆ ಮುಂಗೈಯಿಂದ ಜಾರಿ ಬಿತ್ತು. ತಂಗಿಯ ಹೆಸರೂ ಮರೆಯಿತು. "ತಿಂಡಿ ತರೋ ಹೆಂಗಸು ಬಂದ್ಲು," ಎಂದು ದಾದಿಗೆ ಹೇಳುತ್ತಿದ್ದರು. ಅಲ್ಲಿ ಬೇಡವಾದದ್ದು ಸೋಮವಾರ ಬೆಳಿಗ್ಗೆ ಅಂಗಡಿಯ ಹಲಗೆಯ ಮೇಲೆ ಇಂದಿನ ವಿಶೇಷವಾಗುತ್ತಿತ್ತು. ಊರು ಬೆರಳು ಚೀಪುತ್ತಿತ್ತು.

ಈ ಆಗಸ್ಟಿನಲ್ಲಿ ಸೈಮಾ ರಸ್ತೆ ಬದಿ ಮಾರುವವರಿಂದ ಹಣ್ಣು ಕೊಂಡು ಜಾಮ್ ಮಾಡಿಕೊಂಡು ಹೋದರು. ಎಲ್ಮಾ ಒಂದು ಚೂರು ತಿಂದು ಚಮಚ ಇಟ್ಟರು. "ಧೂಳಿನ ಹಣ್ಣು," ಎಂದರು. ಇಡೀ ದಿನದಲ್ಲಿ ಅವರು ಆಡಿದ್ದು ಅಷ್ಟೇ.

ಮರುದಿನ ಅಂಗಡಿಯಲ್ಲಿ ಕೊನೆಯ ಗಿರಾಕಿಯಾಗಿ ಉಳಿದವರು ಆರ್ವೋ ಮಾಕಿ. ಮರ ಕಡಿಯುವ ಕೆಲಸದಿಂದ ನಿವೃತ್ತರಾದ ಆರ್ವೋ ಇಬ್ಬರು ಅಕ್ಕತಂಗಿಯರ ಜೊತೆಗೂ ಆಡಿ ಬೆಳೆದವರು. ಕಾಫಿ ಲೋಟವನ್ನು ತಿರುಗಿಸುತ್ತ ಕೂತರು.

"ಸೈಮಾ, ಎಲ್ಮಾ ಜಾಗ ನನಗೆ ಗೊತ್ತು."

ಸೈಮಾ ಕೈಯಲ್ಲಿದ್ದ ಸೌಟು ಕೆಳಗಿಟ್ಟರು.

"ನಾನೇನೂ ಹಿಂದೆ ಹೋಗಿದ್ದಲ್ಲ, ಹಾಗೆ ನೋಡ್ಬೇಡ. ಹಕ್ಕಿ ಹೊಡೆಯೋಕೆ ಹೋಗಿದ್ದೆ, ಆಗಿನ್ನೂ ನನಗೆ ತಲೆ ತುಂಬ ಕೂದಲಿತ್ತು. ಕರಡಿ ಓಡಿಸೋಕೆ ಅಂತ ಎಲ್ಮಾ ಬಕೆಟ್ ಬಡೀತಾ ಬಡೀತಾ ಹಣ್ಣು ಕೀಳ್ತಿದ್ಲು. ನಾನೇ ಕರಡಿ ಥರ ಮರದ ಹಿಂದೆ ಬಚ್ಚಿಟ್ಕೊಂಡು ವಾಪಸ್ ಬಂದೆ. ಇವತ್ತಿನವರೆಗೂ ಒಂದು ಹಣ್ಣು ಮುಟ್ಟಿಲ್ಲ. ಹೇಳ್ಲಾ?"

ಸೈಮಾ ಬಹಳ ಹೊತ್ತು ಕಾವಲಿ ಒರೆಸಿದರು. ಒರೆಸುವುದಕ್ಕೆ ಅದರ ಮೇಲೆ ಏನೂ ಇರಲಿಲ್ಲ.

"ಹೇಳ್ಬೇಡ. ಅವಳು ಹೇಳದ್ದನ್ನ ನಿನ್ನ ಬಾಯಿಂದ ಯಾಕೆ ಕೇಳ್ಲಿ? ಹಣ್ಣು ಮಾತ್ರ ತಂದ್ಕೊಡು."

"ಅಂದ್ರೆ ನಾನು ಕಳ್ಳ ಆಗ್ಬೇಕು."

"ಈಗೇನು ದೊಡ್ಡ ಸಾಧುನಾ ನೀನು? ನಮ್ಮವ್ವನ ಕೋಳಿ ಗೂಡಲ್ಲಿ ನೀನು ಕದ್ದ ಮೊಟ್ಟೆಗಳನ್ನ ಕೇಳು, ಹೇಳ್ತವೆ."

ಆರ್ವೋ ನಗಲಿಲ್ಲ. ಬದುಕಿರುವವರ ಜಾಗಕ್ಕೆ ಕೈ ಹಾಕುವುದು ಅವರಿಗೆ ಸಣ್ಣ ಮಾತಲ್ಲ. ಆದರೂ ಶುಕ್ರವಾರ ಅಂಗಡಿಯ ಹಿಂಬಾಗಿಲಿನಲ್ಲಿ ಜರಿಗಿಡದ ಎಲೆ ಮುಚ್ಚಿದ ಎರಡು ಚಿಕ್ಕ ಬಕೆಟ್ ಇದ್ದವು. ಸೈಮಾ ಹಣ್ಣಿನಷ್ಟೇ ಸಕ್ಕರೆ ಹಾಕಿ, ಕೈ ಬಿಡದೆ ತಿರುವಿ, ಜಾಮ್ ಇಳಿಸಿದರು. ರುಚಿ ನೋಡಲಿಲ್ಲ. ಧೈರ್ಯ ಬರಲಿಲ್ಲವಂತೆ.

ಭಾನುವಾರ ಎಲ್ಮಾ ಕಿಟಕಿಯ ಬಳಿ ಕೂತಿದ್ದರು. ಸೈಮಾ ವಾಫಲ್ ಬಿಸಿ ಮಾಡಿಸಿ, ಗುಳಿಗುಳಿಗೂ ಜಾಮ್ ತುಂಬಿ ಮುಂದಿಟ್ಟರು. ಒಂದು ಚೂರು ಬಾಯಿಗೆ ಹೋಯಿತು. ಬೀಜಗಳು ಹಲ್ಲಿಗೆ ಸಿಕ್ಕಿ ಕರಕರ ಎಂದವು. ಎರಡನೆಯ ಚೂರನ್ನು ಎಲ್ಮಾ ತಾವೇ ಮುರಿದುಕೊಂಡರು. ತಟ್ಟೆಯಲ್ಲಿ ಉಳಿದದ್ದನ್ನು ಬೆರಳಿನಿಂದ ಬಳಿದರು. ಆಮೇಲೆ ತಲೆ ಎತ್ತಿ, ಕಣ್ಣು ಕಿರಿದು ಮಾಡಿ ನೋಡಿದರು.

"ನನ್ನ ಜಾಗಕ್ಕೆ ಹೋಗಿದ್ಯಾ?"

ಸೈಮಾ ಬಾಗಿಲ ಕಡೆ ತಿರುಗಿ ನೋಡಿದರು.

"ನಿನ್ನನ್ನೇ ಕೇಳ್ತಿರೋದು, ಸೈಮಾ! ನನ್ನ ಹಿಂದೆ ಬಂದು ನೋಡ್ಕೊಂಡಿದೀಯ. ಒಡಹುಟ್ಟಿದೋಳು ಹೀಗೆ ಮಾಡ್ತಾಳಾ? ಕಳ್ಳಿ!"

ಬಾಗಿಲಲ್ಲಿದ್ದ ದಾದಿ ಗಾಬರಿಯಾಗಿ ಒಳಗೆ ಬಂದಳು. ಆರ್ವೋ ಅವರ ಹೆಸರು ಹೇಳಿದ್ದರೆ ಸೈಮಾ ಪಾರಾಗಬಹುದಿತ್ತು. ಜನ್ಮವಿಡೀ ಮಾಡದ ಕೆಲಸವನ್ನು ಅವರು ಒಪ್ಪಿಕೊಂಡರು.

"ಹೌದು. ನಾನೇ ಹೋಗಿದ್ದೆ."

"ಕರಡಿ ಹಿಡಿದಿದ್ರೆ ಗೊತ್ತಾಗ್ತಿತ್ತು ನಿನಗೆ. ಬಕೆಟ್ ಬಡಿದ್ಯಾ?"

"ಬಡಿದೆ."

"ಹಾಗಿದ್ರೆ ಸರಿ," ಎಂದು ಎಲ್ಮಾ ಕಿಟಕಿಯ ಕಡೆ ತಿರುಗಿಕೊಂಡರು. ಸೈಮಾ ತಟ್ಟೆ ತೊಳೆದು ಬರುವಷ್ಟರಲ್ಲಿ ಹೆಸರು ಮತ್ತೆ ಹೋಗಿತ್ತು.

ಇಂದು ಬೆಳಿಗ್ಗೆ ಈ ಸುದ್ದಿ ಅಂಗಡಿ ತುಂಬ ಹರಡಿದೆ. ದಾದಿಯ ಬಾಯಿಂದ ಅರ್ಧ ಊರಿಗೆ ತಲುಪಿರಬೇಕು. ಸೇಬಿನ ವಾಫಲ್ ತಿನ್ನುತ್ತಿರುವ ಒಂದಿಬ್ಬರು ಸೈಮಾರ ಮುಖ ನೋಡಿ ಕಣ್ಣು ತಪ್ಪಿಸುತ್ತಾರೆ. ಆರ್ವೋ ಅದನ್ನು ಗಮನಿಸಿ ಕೆಂಪಗಾಗುತ್ತಾರೆ.

"ನಾನೇ ಕಿತ್ತಿದ್ದು ಅಂತ ಎಲ್ಲರಿಗೂ ಹೇಳಿಬಿಡ್ತೀನಿ. ನಿನಗ್ಯಾಕೆ ಈ ಕೆಟ್ಟ ಹೆಸರು?"

"ಸುಮ್ನೆ ಕೂತ್ಕೊಂಡು ತಿನ್ನು," ಎಂದು ಸೈಮಾ ಇನ್ನೊಂದು ಸೌಟು ಹೊಯ್ಯುತ್ತಾರೆ. ಕಾವಲಿ ಚುಂಯ್ ಎನ್ನುತ್ತದೆ. ಹಬೆ ಇಳಿದ ಮೇಲೆ ಅದನ್ನು ಮಗುಚುತ್ತಾರೆ.

"ಜಾಮ್ ಇನ್ನೂ ಇದೆ, ಆರ್ವೋ. ಈ ಭಾನುವಾರನೂ ಹೋಗ್ತೀನಿ. ಇನ್ನೊಂದು ಸಲ ಅವಳು ನನ್ನ ಹೆಸರು ಹಿಡಿದು ಕಳ್ಳಿ ಅಂದ್ರೆ ಸಾಕು."